ಬಸವನಹುಳುವಿಗೆ ರಾಗಿಮುದ್ದೆ

ನಮ್ಮನೆಯವರಿಗೆ ಹೊಳೆನರಸೀಪುರದಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿ ಇದೆ. ಮಳೆಗಾಲ ಹಿಡಿದರೆ ಸಾಕು, ಅರಕಲಗೂಡು ಕಡೆಯ ತೋಟದವರು ಬಂದು ಬಸವನಹುಳು ಸಾಯೋ ಗುಳಿಗೆ ಕೊಡಿ ಅಂತ ಕೇಳ್ತಾರೆ. ಇವರು ಚೀಲಗಟ್ಟಲೆ ಮಾರ್ತಾರೆ. ಅದೇ ಮನುಷ್ಯ ಸಾಯಂಕಾಲ ಮನೆಗೆ ಬಂದು ಚಪ್ಪಲಿ ಬಿಡೋ ಹೊತ್ತಿಗೆ ಅವರ ಹೆಂಡತಿ, ಅಂದ್ರೆ ನಾನು, ಗಾಜಿನ ತೊಟ್ಟಿ ಮುಂದೆ ಕೂತ್ಕೊಂಡು ಬಸವನಹುಳುಗಳಿಗೆ ಬೇಯಿಸಿದ ಹುರುಳಿಕಾಯಿ ತಿನ್ನಿಸ್ತಾ ಇರ್ತೀನಿ. "ನಾನ್ ಅಲ್ಲಿ ಕೊಲ್ಲೋದು, ನೀನ್ ಇಲ್ಲಿ ಸಾಕೋದು, ಲೆಕ್ಕ ಸರಿಹೋಯ್ತು ಬುಡು" ಅಂತಾರೆ. ಅವರಿಗೆ ಇದೊಂದು ದೊಡ್ಡ ತಮಾಷೆ. ಅಂಗಡಿಗೆ ಬಂದವರಿಗೆಲ್ಲ ಹೇಳಿಯಾಗಿದೆ.

ತೊಟ್ಟಿ ನಾನು ತಂದದ್ದಲ್ಲ. ಯಾರೋ ವಾಸ್ತು ಹೇಳೋನು ಈಶಾನ್ಯ ಮೂಲೇಲಿ ಮೀನಿಟ್ರೆ ವ್ಯಾಪಾರ ಕುದುರುತ್ತೆ ಅಂದಿದ್ದನಂತೆ, ಇವರು ತಂದಿಟ್ರು. ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದ್ವು. ವ್ಯಾಪಾರ ಇದ್ದ ಹಾಗೇ ಇತ್ತು. ಕೊನೆಗೆ ಉಳಿದದ್ದು ಪಾಚಿ ಹಿಡಿದ ಗಾಜು, ಅದನ್ನ ತಿಕ್ಕೋ ಕೆಲಸ ನನ್ನ ಪಾಲಿಗೆ ಬಂತು. ಕುಕ್ಕರ್ ರಿಪೇರಿಗೆ ಅಂತ ಹಾಸನಕ್ಕೆ ಹೋಗಿದ್ದಾಗ ಅಲ್ಲೊಂದು ಅಕ್ವೇರಿಯಂ ಅಂಗಡಿ ಕಣ್ಣಿಗೆ ಬಿತ್ತು. ಈ ಪಾಚಿಗೆ ಏನಪ್ಪಾ ಹಾಕ್ತಾರೆ ಅಂತ ಕೇಳಿದೆ. ಅಂಗಡಿಯವನು ನೀರು ತುಂಬಿದ ಪ್ಲಾಸ್ಟಿಕ್ ಕವರಲ್ಲಿ ಎರಡು ಬಸವನಹುಳು ಕಟ್ಟಿಕೊಟ್ಟ. ಅರಿಶಿನದ ಬಣ್ಣ, ನೆಲ್ಲಿಕಾಯಿ ಗಾತ್ರ. "ಗಾಜೆಲ್ಲ ನೆಕ್ಕಿ ಕ್ಲೀನ್ ಮಾಡ್ತವೆ ಅಕ್ಕ. ನೀವೇನೂ ನೋಡ್ಕೋಬೇಕಾಗಿಲ್ಲ" ಅಂದ. ನೋಡ್ಕೋಬೇಕಾಗಿಲ್ಲ ಅಂತ ಹೇಳಿ ನನಗೆ ಕೊಟ್ಟ ಯಾವ ವಸ್ತು ತಾನೇ ನನ್ನ ಜೀವ ತಿನ್ನದೆ ಬಿಟ್ಟಿದೆ. ಮದುವೆ ಮಾಡುವಾಗಲೂ ನಮ್ಮಪ್ಪನಿಗೆ ಇದೇ ಮಾತು ಹೇಳಿದ್ರು: ಮನೇಲಿ ಅತ್ತೆ ಒಬ್ಬರೇ, ಏನೂ ತೊಂದರೆ ಇಲ್ಲ.

ಆ ಅತ್ತೆ ನುಗ್ಗೇಹಳ್ಳಿ ಕಡೆಯವರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಬೆಳಿಗ್ಗೆ ತಾವೇ ನೀರು ತೋಡಿ ಸ್ನಾನ ಮಾಡಿ, ಪೂಜೆಯ ನೀರು ತಾವೇ ತಂದು, ಎಡಗೈಯಲ್ಲಿ ಲಿಂಗ ಇಟ್ಕೊಂಡು ಪೂಜೆ ಮುಗಿಸೋವರೆಗೂ ಒಂದು ಗುಟುಕು ಕಾಫಿ ಒಳಗೆ ಹೋಗೋದಿಲ್ಲ. ಬೇಕರಿ ಕೇಕು ಮನೆ ಹೊಸಿಲು ದಾಟೋಹಾಗಿಲ್ಲ, ಅದರಲ್ಲಿ ಮೊಟ್ಟೆ ಇರುತ್ತೆ. ನಮ್ಮನೆಯವರ ಹುಟ್ಟುಹಬ್ಬಕ್ಕೆ ನಾನು ಮಾಡೋ ಕೇಕು ಮೊಸರಿಂದು, ಅದನ್ನ ಕತ್ತರಿಸೋಕೆ ಕುಡುಗೋಲು ಬೇಕು ಅಂತ ಇವರು ಅಂತಾರೆ.

ಹಾಸನದ ಮೂಳೆ ಡಾಕ್ಟರು ಅತ್ತೆಯ ಸ್ಕ್ಯಾನ್ ನೋಡಿ, ಮೂಳೆ ತುಂಬ ಸವೆದಿದೆ, ಬಿದ್ದರೆ ಕೂಡೋದು ಕಷ್ಟ, ಕ್ಯಾಲ್ಸಿಯಂ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಅಂದಿದ್ರು. ಚನ್ನರಾಯಪಟ್ಟಣದಲ್ಲಿರೋ ನನ್ನ ನಾದಿನಿ ಆವತ್ತೇ ಫೋನ್ ಮಾಡಿದಳು. "ಅತ್ತಿಗೆ, ಅವ್ವಂಗೆ ಮಾತ್ರೆ ನೀವೇ ಕೈಯಾರೆ ಕೊಡಿ. ನಿಮ್ ಕೈಲಿ ಆಗಲ್ಲ ಅಂದ್ರೆ ಹೇಳಿ, ನಾನು ಕರ್ಕೊಂಡೋಗ್ತೀನಿ." ಅತ್ತೆಗೆ ಹೋಗೋಕೆ ಇಷ್ಟವಿರಲಿಲ್ಲ. ಮಗಳ ಮನೆ ಎರಡನೇ ಮಹಡೀಲಿ, ಬಾತ್ ರೂಮು ನಯವಾದ ಟೈಲ್ಸು. ಸಾವಿಗೆ ಹೆದರದ ಹೆಂಗಸು ನನ್ನತ್ತೆ. ಅವರ ಭಯ ಒಂದೇ, ತಮ್ಮ ಪೂಜೆಯ ನೀರು ತಾವು ತಂದ್ಕೊಳೋಕೆ ಆಗದೆ ಇನ್ನೊಬ್ಬರ ಕೈ ನೋಡೋ ಕಾಲ ಬಂದುಬಿಡುತ್ತೇನೋ ಅನ್ನೋದು. ಹಾಗಾಗಿ ಮಧ್ಯಾಹ್ನ, ರಾತ್ರಿ, ಊಟ ಆದಮೇಲೆ ಮಾತ್ರೆ ಬಿಡಿಸಿ ಅವರ ಅಂಗೈಗೆ ಹಾಕಿ, ಪಕ್ಕದಲ್ಲಿ ನೀರಿನ ಲೋಟ ಇಟ್ಟು, ನಾನು ಪಾತ್ರೆ ತೊಳೆಯೋಕೆ ಹೋಗ್ತಿದ್ದೆ. ಇಷ್ಟು ಮಾಡಿದ್ದಕ್ಕೇ ನನ್ನಂಥ ಸೊಸೆ ತಾಲ್ಲೂಕಿನಲ್ಲೇ ಇಲ್ಲ ಅಂತ ನನಗೆ ನಾನೇ ಸರ್ಟಿಫಿಕೇಟು ಕೊಟ್ಕೊಂಡಿದ್ದೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡ್ತೀನಿ. ನನಗೆ ಸಿಟ್ಟು ಮೂಗಿನ ತುದೀಲಿ. ತರಕಾರಿಯವನು ನಮ್ಮ ಗೇಟಿನ ಮುಂದೆ ಬಂದರೆ ತಕ್ಕಡಿ ಎರಡು ಸಲ ನೋಡ್ಕೋತಾನೆ. ಗ್ಯಾಸಿನವನು ಸಿಲಿಂಡರ್ ಇಳಿಸಿ, ಏನೂ ಮಾತಾಡದೆ ಓಡ್ತಾನೆ. ನಮ್ಮ ಬೀದೀಲಿ ಇದನ್ನ ಎಲ್ಲರೂ ಆಡ್ಕೊಂಡು ನಗ್ತಾರೆ, ನಾನೂ ನಗ್ತೀನಿ. ಸತ್ಯ ಹೇಳಬೇಕು ಅಂದ್ರೆ ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು.

ಹುಳುಗಳು ಬಂದ ಮೇಲೆ ಒಂದರ ಬೆನ್ನ ಮೇಲೆ ಒಂದು ಹತ್ತಿ ದಿನವಿಡೀ ಕೂತಿರ್ತಿದ್ವು. ಮೇಲಿನದು ಸೋಮಾರಿ, ಪುಕ್ಕಟೆ ಸವಾರಿ ಮಾಡ್ತಿದೆ ಅಂತ ನಾನು ಬೈದು ಬೈದು ಕೆಳಗಿಳಿಸ್ತಿದ್ದೆ. ಕೆಳಗಿನದು ಪಾಪ, ಬಡಪಾಯಿ ಅಂತ ಅದಕ್ಕೆ ಒಂದು ಚೂರು ಸೌತೆಕಾಯಿ ಜಾಸ್ತಿ ಹಾಕ್ತಿದ್ದೆ. ಅವು ಸಂಸಾರ ಮಾಡ್ತಿವೆ ಅನ್ನೋದು ನನಗೆ ಗೊತ್ತಾಗಿದ್ದು ನೀರಿನ ಮಟ್ಟದಿಂದ ಮೇಲೆ, ಗಾಜಿಗೆ, ತಿಳಿಗುಲಾಬಿ ಬಣ್ಣದ ಗೊಂಚಲೊಂದು ಅಂಟಿಕೊಂಡಾಗಲೇ. ಮೊಬೈಲಲ್ಲಿ ಹುಡುಕಿದೆ. ಮೊಟ್ಟೆ.

ಅತ್ತೆ ಪೂಜೆಗೆ ಹೂ ತಗೊಂಡು ಆ ಕಡೆಯಿಂದಲೇ ಹೋಗ್ತಿದ್ರು. "ಏನವ್ವ ಅದು?" ಅಂದ್ರು.

"ಮೊಟ್ಟೆ" ಅಂದೆ.

ಅತ್ತೆ ಅಲ್ಲೇ ನಿಂತ್ರು. "ಮನೆ ಒಳಕ್ಕೆ ಮೊಟ್ಟೆ ಬಂತಾ? ತಗುದು ಆಚೆಗಾಕು" ಅಂದ್ರು.

ನನಗೆ ಎಲ್ಲಿತ್ತೋ ಸಿಟ್ಟು, ಏರಿಬಿಡ್ತು. ಇದು ತಿನ್ನೋ ಮೊಟ್ಟೆನಾ, ಇದನ್ನ ಬೇಯಿಸಿ ನಿಮ್ಮ ತಟ್ಟೆಗೆ ಹಾಕ್ತೀನಾ, ನಿಮ್ಮ ಪೂಜೆ ಕೋಣೆ ಮೂಲೇಲಿ ಹಲ್ಲಿ ಮೊಟ್ಟೆ ಇಡಲ್ವಾ, ಅದನ್ನ ಗುಡಿಸಿದ್ದು ಯಾರು, ಆವಾಗ ಮನೆಗೆ ಮೊಟ್ಟೆ ಬಂದಿರಲಿಲ್ವಾ, ಅಂತ ಒಂದೇ ಉಸಿರಿಗೆ ಕೂಗಾಡಿದೆ. ಪಕ್ಕದ ಮನೆಯಾಕೆ ಕಾಂಪೌಂಡ್ ಮೇಲಿಂದ ತಲೆ ಹಾಕಿ ನೋಡಿದಳು. ಅತ್ತೆ ಹೂವಿನ ಬುಟ್ಟಿ ಎದೆಗೆ ಹಿಡ್ಕೊಂಡು ನಿಂತಿದ್ರು. "ಆಯ್ತು ಬುಡವ್ವ. ಬಸವಣ್ಣನ ಹೆಸರಿಟ್ಕೊಂಡಿರೋ ಉಳ, ಇರ್ಲಿ" ಅಂತ ಒಳಗೆ ಹೋದ್ರು. ಮದುವೆಯಾದ ಮೇಲೆ ಅತ್ತೆ ಎದುರು ನಾನು ಗೆದ್ದ ಮೊದಲ ಜಗಳ ಅದು. ಆವತ್ತು ಖುಷಿಗೆ ಪಾಯಸ ಮಾಡಿದೆ.

ಗೊಂಚಲು ಒಡೆದು ಸಾಸಿವೆ ಕಾಳಿನಷ್ಟು ಮರಿಗಳು ನೀರಿಗೆ ಉದುರಿದ್ವು. ಸಾಸಿವೆಗೆ ಎರಡು ಕೊಂಬು ಬಂದು ಗಾಜಿನ ಮೇಲೆ ತೆವಳೋದನ್ನ ನೋಡ್ತಾ ನಾನು ಒಲೆ ಮೇಲಿನ ಹಾಲು ಉಕ್ಕಿಸಿದ್ದು ಎಷ್ಟು ಸಲವೋ. ಅತ್ತೆಗೂ ನಿಧಾನವಾಗಿ ರುಚಿ ಹತ್ತಿತು. ಊಟ ಆದಮೇಲೆ ತೊಟ್ಟಿ ಪಕ್ಕ ಕುರ್ಚಿ ಹಾಕ್ಕೊಂಡು ಕೂರ್ತಿದ್ರು. ಯಾವುದಾದರೂ ಹುಳು ಚಿಪ್ಪಿನೊಳಗೆ ಮುದುರಿಕೊಂಡರೆ, "ಇದ್ಯಾಕೋ ಬಾಗ್ಲಾಕ್ಕೊಂಡದೆ, ಉಸಾರಿಲ್ವೇನೋ" ಅಂತ ನನ್ನನ್ನ ಕರೀತಿದ್ರು.

ಮರಿಗಳು ಶೇಂಗಾ ಬೀಜದಷ್ಟು ಆಗೋ ಹೊತ್ತಿಗೆ ಚಿಪ್ಪು ಬಿಳಿಚಿಕೊಳ್ಳೋಕೆ ಶುರುವಾಯ್ತು. ತುದಿ ಸವೆದು ಸಣ್ಣ ಸಣ್ಣ ತೂತು ಬಿತ್ತು. ಕೆಲವು ಸತ್ತೇ ಹೋದ್ವು. ನಾನು ನಿಜವಾಗಲೂ ಕಣ್ಣೀರು ಹಾಕಿದೆ. ಮತ್ತೆ ಮೊಬೈಲ್ ಹುಡುಕಿದಾಗ ತಿಳೀತು: ನಮ್ಮ ನಲ್ಲೀಲಿ ಬರೋ ಹೊಳೆ ನೀರು ಕುಡಿಯೋಕೆ ಸಿಹಿ, ಆದರೆ ಚಿಪ್ಪು ಕಟ್ಟೋಕೆ ಬೇಕಾದ ಸುಣ್ಣದ ಅಂಶ ಅದರಲ್ಲಿ ಸಾಲದು. ಕೋಳಿಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ ಅಂತ ಎಲ್ಲರೂ ಬರೆದಿದ್ರು. ಹುಳುವಿನ ಮೊಟ್ಟೆಗೇ ಅಷ್ಟು ರಂಪ ಆದ ಮನೆ ನಮ್ಮದು, ಕೋಳಿಮೊಟ್ಟೆ ತರೋದುಂಟೇ. ಸುಣ್ಣ ತಾನೇ ಬೇಕು ಅಂತ ಅತ್ತೆಯ ಎಲೆಅಡಿಕೆ ಡಬ್ಬಿಯ ಸುಣ್ಣ ಒಂದು ಬೆರಳು ತೆಗೆದು ನೀರಿಗೆ ಕದಡಿದೆ. ಇದ್ದಬದ್ದ ಹುಳುಗಳೆಲ್ಲ ಗಾಜು ಹತ್ತಿ ನೀರಿನಿಂದ ಆಚೆ ಬಂದು ನಿಂತ್ವು. ನಾನು ಕಿರುಚಿಕೊಂಡು ತೊಟ್ಟಿ ನೀರೆಲ್ಲ ಬದಲಾಯಿಸಿದೆ.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಲೆ ತುಂಬ ಕ್ಯಾಲ್ಸಿಯಮ್ಮೇ. ಓದಿದ್ದನ್ನೆಲ್ಲ ಗಂಡನಿಗೂ ಅತ್ತೆಗೂ ಬಡಿಸ್ತಾ ಬಡಿಸ್ತಾ ಪಾಠ ಮಾಡಿದೆ. ಮನುಷ್ಯರ ಮೂಳೆಗೂ ಹುಳದ ಚಿಪ್ಪಿಗೂ ಬೇಕಾಗಿರೋದು ಒಂದೇ ವಸ್ತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ಎದ್ದು ಹೋಗಿ ಅತ್ತೆಯ ಮಾತ್ರೆ ಸ್ಟ್ರಿಪ್ಪು ತಂದು, ಕನ್ನಡಕ ಹಾಕ್ಕೊಂಡು, ಹಿಂದುಗಡೆ ಸಣ್ಣಕ್ಷರದಲ್ಲಿ ಇದ್ದದ್ದನ್ನ ಓದಿ ಹೇಳಿದೆ. "ನೋಡಿ ಅತ್ತೆ, ನಿಮ್ಮ ಮಾತ್ರೆನೂ ಚಿಪ್ಪಿಂದಲೇ ಮಾಡಿರೋದು. ಸಮುದ್ರದಲ್ಲಿ ಇರುತ್ತಲ್ಲ, ಕಪ್ಪೆಚಿಪ್ಪಿನ ಥರದ ಪ್ರಾಣಿ, ಅದರದ್ದು." ನನ್ನ ಜ್ಞಾನಕ್ಕೆ ನಾನೇ ಬೆರಗಾಗಿದ್ದೆ. ನಾನು ಅದೇ ಸ್ಟ್ರಿಪ್ಪಿಂದ ಒಂದು ಮಾತ್ರೆ ಬಿಡಿಸಿ ಅವರ ಅಂಗೈಗೆ ಹಾಕಿ ಪಾತ್ರೆ ತೊಳೆಯೋಕೆ ಹೋದೆ.

ಅಲ್ಲಿಂದ ನನ್ನ ತಲೆ ಇನ್ನೂ ಜೋರಾಗಿ ಓಡಿತು. ಕ್ಯಾಲ್ಸಿಯಂ ಅಂದ್ರೆ ರಾಗಿ ಅಲ್ವಾ. ಇಷ್ಟು ಕಾಲದಿಂದ ನಮ್ಮ ಕಡೆ ಜನ ಗಟ್ಟಿಯಾಗಿ ನಿಂತಿರೋದು ಯಾವುದರ ಮೇಲೆ. ನೆಲ್ಲಿಕಾಯಿ ಗಾತ್ರದ ಮುದ್ದೆ ಕಟ್ಟಿ, ಪಾಲಕ್ ಸೊಪ್ಪಿನ ಜೊತೆ ತೊಟ್ಟಿಗೆ ಇಳಿಬಿಟ್ಟೆ. ಹುಳುಗಳು ಅದರ ಸುತ್ತ ಓಡಾಡಿದ್ವು, ಮೇಲೆ ಹತ್ತಿ ಕೂತ್ವು. ತಿಂದ್ವೋ ಇಲ್ವೋ ನಾನು ಸರಿಯಾಗಿ ನೋಡಲಿಲ್ಲ. ಆದರೆ ಕೆಲವು ವಾರದಲ್ಲಿ ಹೊಸ ಚಿಪ್ಪು ದಪ್ಪಗೆ, ಹೊಳಪಾಗಿ, ಒಂದು ಕಲೆಯಿಲ್ಲದೆ ಬೆಳೀತಾ ಬಂತು. ತೊಟ್ಟಿಯ ಒಂದು ಮೂಲೇಲಿ ಬಿಳೀ ಪುಡಿ ಕೂತಿರ್ತಿತ್ತು. ರಾಗಿಯ ಸತ್ವ ತಳಕ್ಕೆ ಇಳಿದಿದೆ ಅಂದ್ಕೊಂಡೆ. ರಾಗಿ ಯಾವ ಜನ್ಮದಲ್ಲಿ ಬೆಳ್ಳಗಿತ್ತು ಅಂತ ಕೇಳ್ಕೊಳೋ ಬುದ್ಧಿ ನನಗೆ ಬರಲಿಲ್ಲ.

ಆಮೇಲೆ ನನ್ನನ್ನ ಹಿಡಿಯೋರೇ ಇಲ್ಲ. ಹಾಸನದ ಅಂಗಡಿಯವನಿಗೆ ಒಂದಷ್ಟು ಮರಿ ಕೊಡೋಕೆ ಹೋದೆ, ಅವನು ಅಂಗೈ ಮೇಲೆ ಇಟ್ಕೊಂಡು ತಿರುಗಿಸಿ ನೋಡಿ, "ಏನಕ್ಕ, ಇಂಥ ಚಿಪ್ಪು ನನ್ ಹತ್ರನೇ ಇಲ್ಲ, ಏನ್ ಹಾಕ್ತೀರಾ" ಅಂದ. ಅರ್ಧ ಗಂಟೆ ಅವನ ಅಂಗಡೀಲಿ ನಿಂತು ರಾಗಿ ಮಹಾತ್ಮೆ ಹೇಳಿದೆ. ಅವನು ನನ್ನನ್ನ ಅಕ್ವೇರಿಯಂನವರ ವಾಟ್ಸಾಪ್ ಗುಂಪಿಗೆ ಸೇರಿಸಿದ. ಅಲ್ಲಿ ಕಾಲೇಜು ಹುಡುಗರು, ಇಂಜಿನಿಯರುಗಳು, ಒಬ್ಬ ಹಲ್ಲಿನ ಡಾಕ್ಟರು. ಎಲ್ಲರಿಗೂ ನಾನು ಮುದ್ದೆ ತೊಳಸೋ ವೀಡಿಯೋ ಕಳಿಸಿದೆ. ಸ್ವಲ್ಪ ದಿನಕ್ಕೆ ಒಬ್ಬೊಬ್ಬರೇ ದೂರು ಹೇಳೋಕೆ ಶುರು ಮಾಡಿದ್ರು: ಮೇಡಂ, ನೀರು ಗಬ್ಬು ನಾರ್ತಿದೆ, ಮುದ್ದೆ ಹಳಸಿ ನೊರೆ ಬಂದಿದೆ, ಚಿಪ್ಪು ಮೊದಲಿಗಿಂತ ಹಾಳಾಗಿದೆ. ನಿಮಗೆ ಮುದ್ದೆ ಮಾಡೋಕೆ ಬರಲ್ಲ, ಗಂಟು ಬಿಟ್ಟಿರ್ತೀರಾ, ಅಂಗಡಿ ಹಿಟ್ಟು ತಂದಿರ್ತೀರಾ, ಅಂತ ನಾನು ಎಲ್ಲರ ಮೇಲೂ ಹರಿಹಾಯ್ದೆ. ಹಲ್ಲಿನ ಡಾಕ್ಟರು ಗುಂಪು ಬಿಟ್ಟು ಹೋದ್ರು.

ಈ ಮಧ್ಯೆ ಒಂದು ದೊಡ್ಡ ಹುಳು ತೊಟ್ಟಿಯಿಂದ ಆಚೆ ಬಂದು, ಹಜಾರ ದಾಟಿ, ನಮ್ಮನೆಯವರ ಚಪ್ಪಲಿಯೊಳಗೆ ಮಲಗಿತ್ತು. ಅದಕ್ಕೇ ತೊಟ್ಟಿಗೆ ಮುಚ್ಚಳ ಮಾಡಿಸಿ, ನೆಲದಿಂದ ಎತ್ತಿ, ಹಳೇ ಬೀರುವಿನ ಮೇಲೆ ಇಡಿಸಿದೆ. "ಅಷ್ಟೆತ್ತರಕ್ಕೆ ಯಾಕವ್ವ ಇಟ್ಟೆ, ನಂಗೆ ಎಟುಕಲ್ಲ" ಅಂದ್ರು ಅತ್ತೆ. "ನಿಮಗ್ಯಾಕೆ ಎಟುಕಬೇಕು, ನಿಮ್ಮ ಕೈಲಿ ಏನು ಕೆಲಸ ಇದೆ ಅದರಲ್ಲಿ" ಅಂದೆ. ನನ್ನ ಮಾಮೂಲಿ ದನೀಲೇ ಹೇಳಿದ್ದು.

ಆಮೇಲೆ ಅತ್ತೆಯ ಸ್ಕ್ಯಾನ್ ಮತ್ತೆ ಮಾಡಿಸೋ ಸಮಯ ಬಂತು. ನಾದಿನಿಯೂ ಹಾಸನಕ್ಕೆ ಬಂದಿದ್ದಳು. ಡಾಕ್ಟರು ನೋಡಿ, ಮೂಳೆ ಮೊದಲಿಗಿಂತ ಜಾಸ್ತಿ ಸವೆದಿದೆ, ಮಾತ್ರೆ ಸರಿಯಾಗಿ ಕೊಡ್ತಿದೀರಾ ಅಂತ ನನ್ನನ್ನ ಕೇಳಿದ್ರು. ಅಷ್ಟು ಸಾಕಾಯ್ತು ನನಗೆ. ಎರಡು ಹೊತ್ತೂ ನನ್ನ ಕೈಯಾರೆ ಕೊಡ್ತೀನಿ ಸಾರ್, ನಿಮ್ಮ ಮಾತ್ರೇಲೇ ಏನೋ ಸರಿಯಿಲ್ಲ, ನಮ್ಮನೆ ಬಸವನಹುಳದ ಚಿಪ್ಪು ಬಂದು ನೋಡಿ, ಬರೀ ರಾಗೀಲಿ ಹೆಂಗಿದೆ, ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ್ರು. ಆಚೆ ಬಂದ ಮೇಲೆ ನಾದಿನಿ, "ಅವ್ವ ನಮ್ಮನೇಲಿರ್ಲಿ ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ" ಅಂದಳು. ನಾನು ಅವಳ ಮೇಲೂ ಏರಿಹೋದೆ. ಅತ್ತೆ ಬೆಂಚಿನ ಮೇಲೆ ಕೂತು ಸೆರಗಿನ ತುದಿಯ ಗಂಟು ಬಿಚ್ಚೋದು ಕಟ್ಟೋದು ಮಾಡ್ತಿದ್ರು. ಕೊನೆಗೆ, "ನಾನು ಎಲ್ಲೂ ಬರಾಕಿಲ್ಲ. ಇವಳ ಜೊತೆಗೇ ಇರ್ತೀನಿ" ಅಂದ್ರು. ಬಸ್ಸಲ್ಲಿ ಊರು ಸೇರೋವರೆಗೂ ನಾನು ಗೆದ್ದ ಗತ್ತಿನಲ್ಲೇ ಕೂತಿದ್ದೆ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ತಾರಸಿ ಮೇಲೆ ಬಟ್ಟೆ ತೆಗೀತಿದ್ದೆ. ಕೆಳಗೆ ಏನೋ ಬಿದ್ದ ಸದ್ದಾಯ್ತು. ಓಡಿ ಬಂದು ನೋಡಿದರೆ ಬೀರು ಮುಂದೆ ಪ್ಲಾಸ್ಟಿಕ್ ಸ್ಟೂಲು ಅಡ್ಡ ಬಿದ್ದಿತ್ತು, ಪಕ್ಕದಲ್ಲಿ ಅತ್ತೆ. ಎಡಗೈ ಮಣಿಕಟ್ಟು ಸೊಟ್ಟಗಾಗಿತ್ತು. ತೊಟ್ಟಿಯ ಮುಚ್ಚಳ ಅರ್ಧ ಸರಿದಿತ್ತು. ಅತ್ತೆ ಅಳಲಿಲ್ಲ, ಬಲಗೈ ಮುಷ್ಟಿ ಮಾತ್ರ ಬಿಗಿ ಹಿಡ್ಕೊಂಡಿದ್ರು. ಹಾಸನದ ಆಸ್ಪತ್ರೆ ಮುಟ್ಟೋವರೆಗೂ ಬಿಚ್ಚಲಿಲ್ಲ. ಸೂಜಿ ಚುಚ್ಚೋಕೆ ಬಂದ ನರ್ಸು ಬೆರಳು ಬಿಡಿಸಿದಾಗ ಒಳಗೆ ಒಂದು ಕ್ಯಾಲ್ಸಿಯಂ ಮಾತ್ರೆ, ಬೆವರಿಗೆ ಅರ್ಧ ಕರಗಿತ್ತು.

ಪ್ಲಾಸ್ಟರ್ ಹಾಕಿ ಎಲ್ಲರೂ ಆಚೆ ಹೋದ ಮೇಲೆ ಕೇಳಿದೆ. "ಅದ್ಯಾಕೆ ಅತ್ತೆ ಕೈಯಲ್ಲಿತ್ತು?"

"ಉಳುಗಳಿಗೆ" ಅಂದ್ರು.

"ಯಾವಾಗಿಂದ?"

"ಅದು ಚಿಪ್ಪಿಂದು ಅಂತ ನೀನೇ ಓದಿ ಏಳಿದ್ಯಲ್ಲ, ಆವತ್ತಿಂದ. ಸತ್ತ ಪ್ರಾಣಿ ಮೈಯಿಂದ ತಗುದಿದ್ದನ್ನ ನನ್ ಬಾಯಿಗೆ ಎಂಗವ್ವ ಆಕ್ಕೊಳ್ಳಲಿ. ದುಡ್ ಕೊಟ್ಟು ತಂದಿದ್ದು, ಬಿಸಾಕಾಕೂ ಮನಸಾಗಲಿಲ್ಲ. ಅವಕ್ಕೆ ಅದೇ ಬೇಕು ಅಂತಾನೂ ನೀನೇ ಅಂದಿದ್ದೆ. ಅವುಗಳ ವಸ್ತು ಅವುಕ್ಕೇ ಸೇರ್ಲಿ ಅಂತ ದಿನಾ ಆಕ್ತಿದ್ದೆ."

ರಾಗಿ ಮಹಾತ್ಮೆ, ವೀಡಿಯೋ, ಹಲ್ಲಿನ ಡಾಕ್ಟರು, ಎಲ್ಲ ಒಟ್ಟಿಗೆ ನೆನಪಾಗಿ ನನಗೆ ನಗು ಬಂದುಬಿಡ್ತು. ನಗ್ತಾನೇ ಕೇಳಿದೆ. "ನನಗೊಂದು ಮಾತು ಹೇಳ್ಬಾರ್ದಾಗಿತ್ತಾ ಅತ್ತೆ? ಬೇರೆ ಮಾತ್ರೆ ಬರೆಸ್ಕೊಂಡು ಬರ್ತಿದ್ದೆ. ಅದರಲ್ಲೇನಿತ್ತು?"

ಅತ್ತೆ ಗೋಡೆ ಕಡೆ ಮುಖ ತಿರುಗಿಸಿದ್ರು. "ನಿಂಗೆ ಸಿಟ್ಟು ಬತ್ತದೆ" ಅಂದ್ರು. "ನೀನು ಕೂಗಾಡಿದ್ರೆ ನಂಗೆ ಎದೆ ಒಡ್ಕತದೆ ಕಣವ್ವ."

ನಗು ಅಲ್ಲೇ ನಿಂತೋಯ್ತು. ನನ್ನತ್ತೆಗೆ ಇಡೀ ಬಳಗವೇ ಹೆದರುತ್ತೆ. ಗಂಡ ಸತ್ತ ಮೇಲೆ ಒಬ್ಬರೇ ನಿಂತು ಜಮೀನು ಉಳಿಸ್ಕೊಂಡ ಹೆಂಗಸು. ಅವರು ನನ್ನೆದುರು ಒಂದು ಮಾತ್ರೆ ಬೇಡ ಅನ್ನೋಕೆ ಅಂಜಿ, ಮೂಳೆ ಸವೆದರೆ ಸವೀಲಿ ಅಂತ ಇದ್ದುಬಿಟ್ಟಿದ್ರು. ಮಗಳ ಮನೆಗೂ ಹೋಗದೆ ನನ್ನ ಜೊತೆಗೇ ಇರ್ತೀನಿ ಅಂದ್ರಲ್ಲ, ಆ ಬೆಂಚಿನ ಮೇಲೆ ಕೂತಾಗಲೂ ಅವರ ಸೆರಗಿನ ಗಂಟಲ್ಲಿ ಮಾತ್ರೆ ಇತ್ತು. ಬೀದಿಯವರು ನನ್ನ ಸಿಟ್ಟು ಆಡ್ಕೊಂಡು ನಗುವಾಗ ನಾನೂ ನಗ್ತಿದ್ದೆ. ನಗೋಕಾಗದೆ ಇರೋರು ಒಬ್ಬರು ನನ್ನ ಮನೆಯೊಳಗೇ ಇದ್ದಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆ, ದನಿ ತಗ್ಗಿಸಿಯೇ ಹೇಳಿದೆ. ಅವರು ಬೇರೆ ಮಾತ್ರೆ ಬರೆದುಕೊಟ್ರು, ಅದರ ಕ್ಯಾಲ್ಸಿಯಂ ಸುಣ್ಣದ ಕಲ್ಲಿನಿಂದ ತೆಗೆದದ್ದು. ಹಳೇದನ್ನೇ ಪುಡಿ ಮಾಡಿ ಅಂಬಲಿಗೆ ಹಾಕಿಬಿಡು, ಅವ್ವಂಗೆ ಗೊತ್ತಾಗಲ್ಲ ಅಂತ ನಮ್ಮನೆಯವರು ಒಂದು ಸಲ ಅಂದ್ರು. ಆವತ್ತು ಅವರ ಮೇಲೆ ಕೂಗಾಡಬೇಕು ಅನ್ನಿಸ್ತು, ಅತ್ತೆ ಪಕ್ಕದ ಕೋಣೇಲಿದ್ರು, ಬೇಡ ಅಂತ ತಲೆ ಅಲ್ಲಾಡಿಸಿದೆ. ತೊಟ್ಟಿ ಮತ್ತೆ ನೆಲಕ್ಕೆ ಇಳಿಸಿದೀನಿ, ಹಳೇ ಮಾತ್ರೆ ಈಗ ಹುಳುಗಳಿಗೆ ಅಂತಲೇ ತರ್ತೀನಿ. ಮೆಡಿಕಲ್ ಸ್ಟೋರಿನ ಹುಡುಗಿ ಯಾರಿಗೆ ಅಂತ ಕೇಳಿದಳು, ಹೇಳಿದೆ, ಇನ್ನೊಂದು ಸಲ ಕೇಳಿಲ್ಲ.

ಪ್ಲಾಸ್ಟರ್ ಇದ್ದಷ್ಟು ಕಾಲ ಅತ್ತೆಯ ಪೂಜೆಗೆ ನೀರು ತಂದಿಟ್ಟದ್ದು ನಾನು. ಅವರು ಯಾವುದಕ್ಕೆ ಹೆದರಿದ್ರೋ ಅದೇ ಆಯ್ತು. ದಿಂಬಿನ ಮೇಲೆ ಕೈ ಊರಿ, ಪ್ಲಾಸ್ಟರಿನ ಅಂಚಿಂದ ಆಚೆ ಕಾಣೋ ಅಂಗೈ ಮೇಲೆ ಲಿಂಗ ಇಟ್ಕೊಂಡಾಗ ನಾನು ಪಕ್ಕದಲ್ಲೇ ತಂಬಿಗೆ ಹಿಡ್ಕೊಂಡು ಕೂತಿರ್ತಿದ್ದೆ. ಮೂಳೆ ನಿಧಾನವಾಗಿ ಕೂಡಿತು. ಮಣಿಕಟ್ಟು ಒಂಚೂರು ಸೊಟ್ಟಗೇ ಉಳಿದಿದೆ, ನೀರು ಈಗ ಮತ್ತೆ ತಾವೇ ತರ್ತಾರೆ, ಸಣ್ಣ ತಂಬಿಗೇಲಿ.

ಊಟ ಆದ ಮೇಲೆ ಹೊಸ ಮಾತ್ರೆ ಸ್ಟ್ರಿಪ್ಪು ತಂದು ಅತ್ತೆ ಮುಂದೆ ಇಡ್ತೀನಿ, ಅವರೇ ಬಿಡಿಸ್ಕೋತಾರೆ. ಮಾತ್ರೆ ಬಾಯಿಗೆ ಹಾಕ್ಕೊಂಡು, ನೀರು ಕುಡಿದು, ಬಾಯಿ ಅಗಲ ಮಾಡಿ, ನಾಲಿಗೆ ಎತ್ತಿ ಅಡಿಯಲ್ಲೂ ಏನಿಲ್ಲ ಅಂತ ನನಗೆ ತೋರಿಸ್ತಾರೆ. ನಾನು ಅದನ್ನ ಯಾವತ್ತೂ ಕೇಳಿಲ್ಲ. ಬೇಡ ಅತ್ತೆ ಅಂತ ಎಷ್ಟೋ ಸಲ ಮೆತ್ತಗೇ ಹೇಳಿದೀನಿ. ಆದರೂ ತೋರಿಸ್ತಾರೆ, ನಾನು ನೋಡಿದೆ ಅನ್ನೋವರೆಗೂ ಬಾಯಿ ಮುಚ್ಚೋದಿಲ್ಲ.